ಎಂಜಿನ್ ಕೂಲಂಟ್: ಬದಲಾಯಿಸುವ ಅವಧಿ

ಕಾರಿನ ಎಂಜಿನ್ನಿನಲ್ಲಿ ಹುಟ್ಟುವ ಹೆಚ್ಚುವರಿ ಶಾಖವನ್ನು ರೇಡಿಯೇಟರಿಗೆ ಹೊತ್ತು ತಂದು ಗಾಳಿಗೆ ಬಿಡುವ ದ್ರವವೇ ಕೂಲಂಟ್. ಬಹುಪಾಲು ಕಾರುಗಳಲ್ಲಿ ಇದು ಎಥಿಲೀನ್ ಗ್ಲೈಕಾಲ್, ಶುದ್ಧ ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಕೂಲಂಟಿನ ಬಗೆಯನ್ನು ನೋಡಿಕೊಂಡು ಇದನ್ನು ಬದಲಾಯಿಸುವ ಅವಧಿ 2 ವರ್ಷ ಅಥವಾ 40,000 ಕಿ.ಮೀ.ಯಿಂದ ಹಿಡಿದು 10 ವರ್ಷ ಅಥವಾ 2,00,000 ಕಿ.ಮೀ.ವರೆಗೂ ಇದೆ. ವರ್ಷ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ.

ಅಳ್ನಾವರದಿಂದ ಬರುವ ರೈಲು ಮಾರ್ಗದ ಕೊನೆಯ ನಿಲ್ದಾಣವಿರುವ, ದಾಂಡೇಲಿಗೆ ಅಂಟಿಕೊಂಡ ಅಂಬೇವಾಡಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಎಂದೂ ಬೀಳುವುದಿಲ್ಲ. ಹಿಮ ಬೀಳದ ಊರಿಗೆ ಕೂಲಂಟ್ ಏಕೆ, ನೀರೇ ಸಾಕಲ್ಲ ಎಂಬ ಮಾತು ಇಂಥ ಕಡೆಗಳಲ್ಲೆಲ್ಲ ಇದೆ. ಅದಕ್ಕೆ ಹಿನ್ನೆಲೆಯೂ ಇದೆ. ಅಂಬಾಸಿಡರ್ ಮತ್ತು ಹಳೆಯ ಜೀಪುಗಳ ಕಾಲದಲ್ಲಿ ಎಂಜಿನ್ ದಪ್ಪ ಎರಕದ ಕಬ್ಬಿಣದ್ದು, ರೇಡಿಯೇಟರ್ ತಾಮ್ರ–ಹಿತ್ತಾಳೆಯದು. ಸೋರಿದರೆ ಬೆಸುಗೆ ಹಾಕಿಸಿ, ಕೊಡದಿಂದ ನೀರು ಸುರಿದು ಮುಂದೆ ಹೋಗುತ್ತಿದ್ದರು. ಈಗಿನ ಕಾರುಗಳ ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಮ್ಮಿನದು, ಎಷ್ಟೋ ಮಾದರಿಗಳಲ್ಲಿ ಬ್ಲಾಕ್ ಕೂಡ. ರೇಡಿಯೇಟರಿನ ಅಲ್ಯೂಮಿನಿಯಂ ನಾಳಗಳ ಗೋಡೆ ಒಂದು ಮಿಲಿಮೀಟರಿಗಿಂತಲೂ ತೆಳು. ಇವಕ್ಕೆ ಬರಿ ನೀರು ಶತ್ರು. ನಮ್ಮ ಕಡೆ ಕೂಲಂಟಿನ ಮುಖ್ಯ ಕೆಲಸ ಚಳಿಯಿಂದ ಕಾಪಾಡುವುದಲ್ಲ, ತುಕ್ಕಿನಿಂದ ಕಾಪಾಡುವುದು. ಕುದಿಯುವ ಬಿಂದುವನ್ನು ಮೇಲಕ್ಕೆತ್ತುವುದು ಎರಡನೆಯದು. ಅರ್ಧಕ್ಕರ್ಧ ಬೆರೆಸಿದ ಮಿಶ್ರಣ ಬಯಲು ಗಾಳಿಯಲ್ಲೇ ಸುಮಾರು 107 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ರೇಡಿಯೇಟರ್ ಮುಚ್ಚಳದ ಒತ್ತಡವೂ ಸೇರಿದರೆ 125 ಡಿಗ್ರಿ ದಾಟುತ್ತದೆ.

ಕಾಲ ಕಳೆದಂತೆ ಕೆಡುವುದು ಈ ತುಕ್ಕು ತಡೆಯುವ ಗುಣವೇ. ಬಿಸಿ ಮತ್ತು ಆಮ್ಲಜನಕದ ಸಂಪರ್ಕದಲ್ಲಿ ಗ್ಲೈಕಾಲ್ ನಿಧಾನವಾಗಿ ಉತ್ಕರ್ಷಣಗೊಂಡು ಗ್ಲೈಕಾಲಿಕ್ ಮತ್ತು ಫಾರ್ಮಿಕ್ ಆಮ್ಲಗಳಾಗುತ್ತದೆ. ಕ್ಷಾರೀಯವಾಗಿದ್ದ ದ್ರವದ ಪಿಎಚ್ ಇಳಿಯುತ್ತ ಹೋಗುತ್ತದೆ. ಆಮ್ಲವನ್ನು ತಟಸ್ಥಗೊಳಿಸುತ್ತ, ಲೋಹದ ಮೈಯನ್ನು ಕಾಯುತ್ತ ತುಕ್ಕುನಿರೋಧಕಗಳು ತಾವೇ ಖರ್ಚಾಗುತ್ತವೆ. ಇವು ತೀರಿದ ಮೇಲೂ ಕೂಲಂಟ್ ಶಾಖವನ್ನು ಹೊರುತ್ತದೆ, ಮೀಟರಿನ ಮುಳ್ಳು ಏರುವುದಿಲ್ಲ, ಮಾಲೀಕರಿಗೆ ಏನೂ ತಿಳಿಯುವುದಿಲ್ಲ. ಒಳಗೆ ಮಾತ್ರ ವಾಟರ್ ಪಂಪಿನ ಸೀಲು, ಹೀಟರಿನ ಸಣ್ಣ ನಾಳಗಳು, ಹೆಡ್ ಗ್ಯಾಸ್ಕೆಟ್ಟಿನ ಅಂಚು ಸವೆಯುತ್ತಿರುತ್ತವೆ. ಆದ್ದರಿಂದಲೇ ಗಾಡಿ ಬಿಸಿಯಾಗುತ್ತಿಲ್ಲ ಎನ್ನುವುದು ಕೂಲಂಟ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಸಿಲಿಕೇಟ್, ಫಾಸ್ಫೇಟ್, ಬೋರೇಟ್‌ಗಳಂಥ ಅಜೈವಿಕ ಲವಣಗಳಿರುವ ಹಳೆಯ ಬಗೆಯ ಕೂಲಂಟ್ ಸಾಮಾನ್ಯವಾಗಿ 2 ವರ್ಷ ಬಾಳುತ್ತದೆ. ಸಾವಯವ ಆಮ್ಲಗಳ ಲವಣ ಬಳಸುವ ದೀರ್ಘಾಯು ಕೂಲಂಟುಗಳು ನಿಧಾನವಾಗಿ ಖರ್ಚಾಗುವುದರಿಂದ 5 ವರ್ಷ ಅಥವಾ ಅದಕ್ಕೂ ಹೆಚ್ಚು ಬಾಳುತ್ತವೆ. ಅಮೆರಿಕದ ಜನರಲ್ ಮೋಟಾರ್ಸ್ 1990ರ ದಶಕದ ನಡುವೆ ಇಂಥದ್ದನ್ನು ವ್ಯಾಪಕವಾಗಿ ಬಳಕೆಗೆ ತಂದಿತು. ಏಷ್ಯಾದ ತಯಾರಕರು ಸಾವಯವ ಆಮ್ಲದೊಡನೆ ಫಾಸ್ಫೇಟ್ ಸೇರಿಸಿದ ಮಿಶ್ರ ಬಗೆಯನ್ನು ಹೆಚ್ಚಾಗಿ ಬಳಸುತ್ತಾರೆ. ಟೊಯೊಟಾದ ಗುಲಾಬಿ ಬಣ್ಣದ ದೀರ್ಘಾಯು ಕೂಲಂಟಿಗೆ ಮೊದಲ ಬದಲಾವಣೆ ಸುಮಾರು 1,60,000 ಕಿ.ಮೀ.ಗೆ, ಆಮೇಲಿನವು ಸುಮಾರು 80,000 ಕಿ.ಮೀ.ಗೊಮ್ಮೆ. ಹೋಂಡಾದ್ದು ಮೊದಲು 10 ವರ್ಷ ಅಥವಾ 2,00,000 ಕಿ.ಮೀ., ನಂತರ 5 ವರ್ಷ ಅಥವಾ 1,00,000 ಕಿ.ಮೀ. ಎರಡನೆಯ ಅವಧಿ ಮೊದಲನೆಯದರ ಅರ್ಧವೇ ಎಂಬುದನ್ನು ಗಮನಿಸಬೇಕು. ಹಳೆಯದನ್ನು ಬಸಿದಾಗ ಬ್ಲಾಕಿನಲ್ಲಿ ಒಂದಿಷ್ಟು ಉಳಿದು ಹೊಸದರೊಂದಿಗೆ ಬೆರೆಯುತ್ತದೆ. ಮಾದರಿ ಮತ್ತು ದೇಶಕ್ಕೆ ತಕ್ಕಂತೆ ಈ ಅಂಕಿಗಳು ಬದಲಾಗುವುದರಿಂದ ಗಾಡಿಯೊಂದಿಗೆ ಕೊಟ್ಟ ಕೈಪಿಡಿಯ ಮಾತೇ ಅಂತಿಮ.

ಬಣ್ಣ ನೋಡಿ ಬಗೆಯನ್ನು ನಿರ್ಧರಿಸುವಂತಿಲ್ಲ. ಹಸಿರು, ನೀಲಿ, ಕೆಂಪು, ಕಿತ್ತಳೆ ಎಲ್ಲವೂ ತಯಾರಕರು ತಮಗೆ ಬೇಕಾದಂತೆ ಹಾಕುವ ಬಣ್ಣಗಳು. ಬಗೆ ತಿಳಿಯದೆ ಒಂದಕ್ಕೊಂದು ಬೆರೆಸಿದರೆ ಕೆಲವೊಮ್ಮೆ ಲೋಳೆಯಂಥ ಗಸಿ ಕಟ್ಟಿ ರೇಡಿಯೇಟರ್ ಮುಚ್ಚಿಹೋಗುತ್ತದೆ. ಹಾಗಾಗದಿದ್ದರೂ ದೀರ್ಘಾಯು ಕೂಲಂಟಿನ ಆಯುಷ್ಯ ಮಾತ್ರ ಕುಗ್ಗಿಯೇ ಕುಗ್ಗುತ್ತದೆ.

ಅಂಬೇವಾಡಿಯ ಸುತ್ತಲಿನ ಓಡಾಟದಲ್ಲಿ ಕಿಲೋಮೀಟರ್ ಲೆಕ್ಕ ಹೆಚ್ಚು ಸಹಾಯಕ್ಕೆ ಬಾರದು. ಮನೆಯಿಂದ ದಾಂಡೇಲಿ ಪೇಟೆ, ಪೇಪರ್ ಮಿಲ್ಲು, ವಾರಕ್ಕೊಮ್ಮೆ ಹಳಿಯಾಳ: ಇಷ್ಟೇ ಓಡುವ ಕಾರು 40,000 ಕಿ.ಮೀ. ಮುಟ್ಟುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತದೆ. ಓಡಲಿ ಬಿಡಲಿ, ಕೂಲಂಟ್ ಮುಪ್ಪಾಗುತ್ತಲೇ ಇರುತ್ತದೆ. ಇಂಥವರು ಕ್ಯಾಲೆಂಡರ್ ನೋಡಬೇಕು. ಕಾಡಿನ ದಾರಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ತೆವಳುವ ಸಫಾರಿ ಜೀಪುಗಳ ಕಥೆ ಬೇರೆ. ಅವು ಓಡುವುದು ಕಡಿಮೆ, ಎಂಜಿನ್ ಉರಿಯುವ ಗಂಟೆಗಳು ಹೆಚ್ಚು. ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತುವಾಗಲೂ, ಅಂಕೋಲಾ–ಯಲ್ಲಾಪುರ ನಡುವೆ ಅರಬೈಲು ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗಲೂ ಇದೇ ಪಾಡು. ಭಾರ ಹೆಚ್ಚು, ವೇಗ ಕಡಿಮೆ, ರೇಡಿಯೇಟರಿಗೆ ತಾಗುವ ಗಾಳಿ ಇಲ್ಲ, ಮೇಲೆ ಎಸಿ ಬೇರೆ. ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆಂದು ಬೇರೆ ಅವಧಿ ಕೊಟ್ಟಿದ್ದರೆ ಇಂಥ ಗಾಡಿಗಳಿಗೆ ಅದೇ ಅನ್ವಯ.

ಘಟ್ಟದ ದಾರಿಯಲ್ಲಿ ಮಟ್ಟ ಇಳಿದಾಗ ತೊರೆಯ ನೀರನ್ನೋ ಹೋಟೆಲಿನ ನಲ್ಲಿ ನೀರನ್ನೋ ಸುರಿಯುವುದು ತುರ್ತಿಗೆ ಸರಿ. ಅದನ್ನು ಹಾಗೆಯೇ ಬಿಡುವುದು ತಪ್ಪು. ನೋಡಲು ಎಷ್ಟೇ ತಿಳಿಯಾಗಿದ್ದರೂ ಆ ನೀರಿನಲ್ಲಿ ಲವಣಗಳಿರುತ್ತವೆ. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಪದರದಂತೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಕಿಟ್ಟ ಎಂಜಿನ್ನಿನೊಳಗೂ ಕಟ್ಟಿ ಶಾಖ ಹೊರಹೋಗದಂತೆ ತಡೆಯುತ್ತದೆ. ಜೊತೆಗೆ ಮಿಶ್ರಣ ತೆಳುವಾಗುತ್ತದೆ. ಹಾಗೆ ನೀರು ಸೇರಿದ್ದರೆ ಊರು ತಲುಪಿದ ಮೇಲೆ ಪೂರ್ತಿ ಬಸಿದು, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಹೊಸದನ್ನು ತುಂಬಿಸಬೇಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಬಹುದು, ಆಮ್ಲ ಬೆರೆತ ಬ್ಯಾಟರಿ ದ್ರವ ಕೂಡದು.

ಪ್ರಮಾಣವೂ ಮುಖ್ಯ. ನಮ್ಮ ಹವೆಗೆ ಶೇ. 30ರಿಂದ 50ರಷ್ಟು ಸಾಂದ್ರ ಕೂಲಂಟ್ ಸಾಕು. ಅದಕ್ಕಿಂತ ಕಡಿಮೆಯಾದರೆ ತುಕ್ಕಿನ ರಕ್ಷಣೆ ಸಾಲದು. ಹೆಚ್ಚು ಹಾಕಿದಷ್ಟು ಒಳ್ಳೆಯದು ಎಂಬುದೂ ತಪ್ಪು. ಗ್ಲೈಕಾಲಿಗೆ ನೀರಿನಷ್ಟು ಶಾಖ ಹೊರುವ ಶಕ್ತಿಯಿಲ್ಲದ ಕಾರಣ ಅದನ್ನೇ ತುಂಬಿಸಿದ ಗಾಡಿ ಬೇಗ ಬಿಸಿಯಾಗುತ್ತದೆ. ಅಂಗಡಿಯಲ್ಲಿ ಸಿಗುವುದು ಸಾಂದ್ರವೋ, ಮೊದಲೇ ಬೆರೆಸಿದ್ದೋ ಎಂದು ಡಬ್ಬಿಯ ಮೇಲೆ ಓದಿ ನೋಡಬೇಕು. ಬೆರೆಸಿದ್ದಕ್ಕೆ ಮತ್ತೆ ನೀರು ಹಾಕಬಾರದು.

ಅವಧಿ ಮುಗಿಯುವ ಮೊದಲೇ ಬದಲಾಯಿಸಬೇಕಾದ ಸಂದರ್ಭಗಳೂ ಇವೆ. ರಿಸರ್ವ್ ಟ್ಯಾಂಕಿನ ದ್ರವ ಕಂದಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಅದು ತುಕ್ಕು; ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕೆಟ್ಟಿರುವ ಸೂಚನೆ. ಮತ್ತೆ ಮತ್ತೆ ಮಟ್ಟ ಇಳಿಯುತ್ತಿದ್ದರೆ ತುಂಬಿಸುತ್ತ ಹೋಗದೆ ಸೋರಿಕೆ ಹುಡುಕಬೇಕು. ಗ್ಲೈಕಾಲಿನ ಪ್ರಮಾಣವನ್ನು ಗ್ಯಾರೇಜಿನಲ್ಲಿ ರಿಫ್ರಾಕ್ಟೋಮೀಟರ್ ತೋರಿಸುತ್ತದೆ. ತುಕ್ಕುನಿರೋಧಕದ ಸ್ಥಿತಿ ಮಾತ್ರ ಅದರಲ್ಲಿ ಕಾಣದು, ಅದಕ್ಕೆ ಪರೀಕ್ಷಾ ಪಟ್ಟಿ ಬೇಕು. ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆರೆದರೆ ಒತ್ತಡದಲ್ಲಿದ್ದ ದ್ರವ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಹೊಸದನ್ನು ತುಂಬಿದ ಮೇಲೆ ಹೀಟರ್ ಹಾಕಿ ಎಂಜಿನ್ ಓಡಿಸಿ ಒಳಗಿನ ಗಾಳಿಯನ್ನು ಹೊರಹಾಕದಿದ್ದರೆ, ಕೂಲಂಟ್ ತುಂಬಿದ್ದರೂ ಹೆಡ್ಡು ಕಾದು ಸೊಟ್ಟಗಾಗಬಹುದು.

ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ದೇಹದಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿದ ನಾಯಿ ಸಾಯಬಹುದು. ಅಂಬೇವಾಡಿಯ ಬಳಿ ಹರಿಯುವ ಕಾಳಿ ನದಿ ಮೊಸಳೆಗಳ ನೆಲೆ, ಅದರ ಹೆಸರಿನ ಹುಲಿ ಸಂರಕ್ಷಿತ ಪ್ರದೇಶವೂ ಇಲ್ಲೇ ಪಕ್ಕದಲ್ಲಿದೆ. ಬಸಿದ ಹಳೆಯ ಕೂಲಂಟನ್ನು ಗಟಾರಕ್ಕೂ ಹಿತ್ತಲಿಗೂ ಚೆಲ್ಲದೆ, ಹಳೆಯ ಆಯಿಲ್ಲಿನೊಂದಿಗೆ ಬೆರೆಸದೆ, ಮುಚ್ಚಳವಿರುವ ಡಬ್ಬಿಯಲ್ಲಿ ಹೆಸರು ಬರೆದಿಟ್ಟು, ಅಪಾಯಕಾರಿ ತ್ಯಾಜ್ಯವನ್ನು ನಿಯಮದಂತೆ ವಿಲೇವಾರಿ ಮಾಡುವ ಸರ್ವಿಸ್ ಸೆಂಟರಿಗೆ ಒಪ್ಪಿಸಬೇಕು.