ದಂಡಿನ ಪೇಟೆಯ ಹಳೇ ಮಾಲು

ಹಳೇ ಸಾಮಾನು ಕೈ ಬದಲಾಗುವುದು ಬೆಂಗಳೂರಿನ ಕಂಟೋನ್ಮೆಂಟಿಗೆ ಹುಟ್ಟಿನಿಂದಲೇ ಅಂಟಿದ ರೂಢಿ. 1809ರಲ್ಲಿ ಬ್ರಿಟಿಷ್ ದಂಡು ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಬಳಿ ಬೀಡುಬಿಟ್ಟಿತು. ದಂಡಿನವರಿಗೆ ವರ್ಗ ತಪ್ಪಿದ್ದಲ್ಲ. ಹೊತ್ತೊಯ್ಯಲಾಗದ್ದನ್ನು ಮಾರಿಯೇ ಹೊರಡಬೇಕು. ಮುಂದೆ ಅದೇ ಕಂಟೋನ್ಮೆಂಟಿನ ಶಿವಾಜಿನಗರದ ಗುಜರಿ ಹೆಸರು ಮಾಡಿದ್ದು ಬಿಚ್ಚಿದ ಕಾರುಗಳ ಬಿಡಿಭಾಗಕ್ಕೆ.

ಹಳೇ ರೇಡಿಯೊ ಕೊಳ್ಳುವವರಿಗೆ ಒಂದು ತೊಡಕಿತ್ತು. ಸೆಟ್ಟು ಇಟ್ಟುಕೊಳ್ಳಲು ಅಂಚೆ ಕಚೇರಿಯ ಲೈಸೆನ್ಸ್ ಬೇಕು, ವರ್ಷವರ್ಷವೂ ಶುಲ್ಕ ಕಟ್ಟಬೇಕು. 1980ರ ದಶಕದಲ್ಲಿ ಅದು ರದ್ದಾಯಿತು. ವಾಲ್ವ್ ರೇಡಿಯೊ ಪರೀಕ್ಷೆ ಮಾತ್ರ ಸಲೀಸು: ಹಿಂದಿನ ರಟ್ಟು ಬಿಚ್ಚಿ, ಸ್ವಿಚ್ ಹಾಕಿ, ಒಳಗೆ ಕೆಂಪು ಹತ್ತುವವರೆಗೆ ಕಾಯುವುದು.

ಹೀಗೆ ಕೈ ಬದಲಾಗುವ ಭಾಗ್ಯ ಫೋನಿಗಿರಲಿಲ್ಲ. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ದೇಶಕ್ಕೆಲ್ಲ ಫೋನು ಮಾಡಿ ಕಳಿಸಿತು. ಆದರೆ ದಶಕಗಳ ಕಾಲ ಆ ಕರಿ ಫೋನು ಮನೆಯಲ್ಲಿದ್ದರೂ ಮನೆಯವರದಲ್ಲ, ದೂರವಾಣಿ ಇಲಾಖೆಯದು. ಕೆಟ್ಟರೆ ಲೈನ್‌ಮನ್ ಬರಬೇಕು. ಮಾರುವ ಮಾತೇ ಇಲ್ಲ. ಫೋನು ನಿಜವಾಗಿ ಸೆಕೆಂಡ್ ಹ್ಯಾಂಡ್ ಮಾಲಾದದ್ದು ಮೊಬೈಲ್ ಬಂದ ಮೇಲೆ.

ಈಗ ಅದಕ್ಕೆ ‘ರಿಫರ್ಬಿಶ್ಡ್’ ಎಂಬ ಹೆಸರು, ಹೊಸ ಡಬ್ಬಿ, ಒಂದಿಷ್ಟು ತಿಂಗಳ ವಾರಂಟಿ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹೀಗೆ ದುರಸ್ತಿ ಮಾಡಿ ಮಾರುವವರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಗಿರಾಕಿಗೂ ಒಂದು ಅಸ್ತ್ರ ಸಿಕ್ಕಿದೆ. *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ‘ಕೆವೈಎಂ’ ಎಂಬ ಇಂಗ್ಲಿಷ್ ಅಕ್ಷರಗಳ ಮುಂದೆ ಅದನ್ನು ಬರೆದು 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಫೋನು ಕಪ್ಪುಪಟ್ಟಿಯಲ್ಲಿದೆಯೇ ತಿಳಿಯುತ್ತದೆ. ಇಷ್ಟಕ್ಕೂ ಒಪ್ಪದ ಅಂಗಡಿಯಾದರೆ ಚೌಕಾಸಿ ಮಾಡುವುದೇ ದಂಡ.

ಲ್ಯಾಪ್‌ಟಾಪಿನ ಕತೆ ಬೇರೆ. ಕಂಪನಿಗಳು ಮೂರ್ನಾಲ್ಕು ವರ್ಷ ದುಡಿಸಿ ಬಿಟ್ಟ ಯಂತ್ರಗಳು ಗಟ್ಟಿಯಾಗಿಯೇ ಇರುತ್ತವೆ. ಕೀಲಿಗಳು ಸವೆದು ಹೊಳೆಯುತ್ತಿದ್ದರೂ ಕೊಳ್ಳಲು ಅಡ್ಡಿಯಿಲ್ಲ. ನೋಡಬೇಕಾದ್ದು ಬ್ಯಾಟರಿಯನ್ನು, ಆಮೇಲೆ ಪ್ರೊಸೆಸರಿನ ತಲೆಮಾರನ್ನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ಮುಂದಿನದಾಗಿರಬೇಕು. ಅದಕ್ಕಿಂತ ಹಳೆಯದು ಎಷ್ಟೇ ಅಗ್ಗವಾದರೂ ಲಿನಕ್ಸ್ ಹಾಕಿಕೊಳ್ಳಲು ಬರುವವರಿಗಷ್ಟೇ ಲಾಭದ ವ್ಯಾಪಾರ.