ತೀನ್ ಪತ್ತಿ: ಕೈಗಳ ಶ್ರೇಣಿ

ತೀನ್ ಪತ್ತಿ ಎಂಬುದು 52 ಎಲೆಗಳ ಇಸ್ಪೀಟು ಕಟ್ಟಿನಿಂದ ಪ್ರತಿ ಆಟಗಾರನಿಗೆ ಮೂರು ಎಲೆ ಹಂಚಿ, ಕೈಯ ಹಿರಿತನದ ಮೇಲೆ ಪಣ ಕಟ್ಟಿ ಆಡುವ ಆಟ. ಇದು ಇಂಗ್ಲೆಂಡಿನ ಬ್ರ್ಯಾಗ್ ಆಟದ ನಿಕಟ ಸಂಬಂಧಿ. ಹುಬ್ಬಳ್ಳಿ-ಧಾರವಾಡವೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ದೀಪಾವಳಿಯ ದಿನಗಳಲ್ಲಿ ಹೆಚ್ಚು ಕಾಣುತ್ತದೆ.

ಒಂದೇ ಬೆಲೆಯ ಮೂರು ಎಲೆ ಕೂಡಿದ ಟ್ರೇಲ್ ಎಲ್ಲಕ್ಕಿಂತ ಹಿರಿದು, ಅದರಲ್ಲೂ ಮೂರು ಎಕ್ಕಗಳಿಗೆ ಅಗ್ರಸ್ಥಾನ. ಅನಂತರ ಒಂದೇ ಬಣ್ಣದ, ಅಂದರೆ ಇಸ್ಪೀಟು, ಆಟೀನು, ಡೈಮನ್, ಕಳಾವರ್‌ಗಳಲ್ಲಿ ಒಂದೇ ಜಾತಿಯ, ಅನುಕ್ರಮವಾದ ಎಲೆಗಳ ಪ್ಯೂರ್ ಸೀಕ್ವೆನ್ಸ್, ಜಾತಿ ಬೆರೆತ ಸೀಕ್ವೆನ್ಸ್, ಕ್ರಮವಿಲ್ಲದ ಏಕಜಾತಿಯ ಕಲರ್, ಜೋಡಿ, ಕೊನೆಗೆ ಬಿಡಿ ಎಲೆಯ ಹಿರಿತನ ಬರುತ್ತವೆ. ಸೀಕ್ವೆನ್ಸಿನಲ್ಲಿ ಎಕ್ಕ-ರಾಜ-ರಾಣಿ ಮೊದಲನೆಯದು. ಎಕ್ಕ-ಎರಡು-ಮೂರಕ್ಕೆ ಬಹುತೇಕ ಎರಡನೆಯ ಸ್ಥಾನ, ಆದರೆ ಇದು ಆಡುವ ಗುಂಪಿನ ಒಪ್ಪಂದಕ್ಕೆ ಬಿಟ್ಟದ್ದು.

ಶ್ರೇಣಿಯ ಆಧಾರ ಕೈಯ ಅಪರೂಪತೆ. ಸಾಧ್ಯವಿರುವ 22,100 ಕೈಗಳಲ್ಲಿ ಸೀಕ್ವೆನ್ಸ್ 720, ಕಲರ್ 1,096, ಜೋಡಿ 3,744 ಇದ್ದು, ಬಿಡಿ ಎಲೆಗಳದ್ದೇ 16,440. ವಿಚಿತ್ರವೆಂದರೆ ಟ್ರೇಲ್ 52 ಇದ್ದರೆ ಪ್ಯೂರ್ ಸೀಕ್ವೆನ್ಸ್ 48 ಮಾತ್ರ. ಇಲ್ಲಿ ಗಣಿತವನ್ನು ರೂಢಿ ಮೀರಿದೆ. ಐದು ಎಲೆಗಳ ಪೋಕರ್‌ನಲ್ಲಿ ಏಕಜಾತಿಯ ಕೈಗಳು 5,108, ಅನುಕ್ರಮದವು 10,200 ಆಗಿರುವುದರಿಂದ ಇವೆರಡರ ಸ್ಥಾನ ಅದಲುಬದಲಾಗುತ್ತದೆ. ತೀನ್ ಪತ್ತಿ ಬಲ್ಲವರು ಪೋಕರ್ ಕಲಿಯುವಾಗ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಜೂಜಿನ ಅಡ್ಡೆಯಲ್ಲಿ ಹಣವಿಟ್ಟು ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಶಿಕ್ಷಾರ್ಹ.