ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆ ಮತ್ತು ವ್ಯಾಯಾಮ

ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯಿಂದ ಪುರುಷರಲ್ಲಿ ಉಂಟಾಗುವ ಸುಸ್ತು, ಸ್ನಾಯುಗಳ ಕ್ಷಯ, ಬೊಜ್ಜು, ಮೂತ್ರ ಸೋರಿಕೆ ಮೊದಲಾದ ತೊಂದರೆಗಳನ್ನು ತಗ್ಗಿಸಲು ಚಿಕಿತ್ಸೆಯ ಜೊತೆಯಲ್ಲೇ ಮಾಡಿಸುವ ದೈಹಿಕ ಅಭ್ಯಾಸ. ಇದು ಗಡ್ಡೆಯನ್ನು ಕರಗಿಸುವ ಮದ್ದಲ್ಲ. ಮದ್ದನ್ನು ತಾಳಿಕೊಳ್ಳುವ ಬಲವನ್ನು ದೇಹಕ್ಕೆ ಕೊಡುವ ಉಪಾಯ.

ಈ ಕ್ಯಾನ್ಸರ್ ಬೆಳೆಯಲು ಟೆಸ್ಟೊಸ್ಟೆರಾನ್ ಹಾರ್ಮೋನು ನೆರವಾಗುತ್ತದೆ. ಅದನ್ನು ತಡೆದರೆ ರೋಗ ಹಿಂಜರಿಯುತ್ತದೆಂದು ಷಿಕಾಗೋದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದಿಗೂ ವೃಷಣಗಳನ್ನು ತೆಗೆದು, ಇಲ್ಲವೇ ಲ್ಯೂಪ್ರೊಲೈಡ್, ಗೊಸೆರೆಲಿನ್‌ನಂಥ ಚುಚ್ಚುಮದ್ದು ಕೊಟ್ಟು ಈ ಹಾರ್ಮೋನನ್ನು ಇಳಿಸುತ್ತಾರೆ; ಇದೇ ಹಾರ್ಮೋನ್ ಚಿಕಿತ್ಸೆ. ಆದರೆ ಗಂಡಸಿನ ಸ್ನಾಯು, ಮೂಳೆ, ಉತ್ಸಾಹ, ಕಾಮಾಸಕ್ತಿ ಎಲ್ಲಕ್ಕೂ ಆಸರೆ ಅದೇ ಹಾರ್ಮೋನು. ಅದು ಇಳಿದ ಕೆಲವೇ ತಿಂಗಳಲ್ಲಿ ತೋಳು ತೊಡೆಗಳು ಸೊರಗಿ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದೆ ಸಕ್ಕರೆ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ. ನಿದ್ದೆ ಮಾಡಿದರೂ ಹೋಗದ ಸುಸ್ತು ಕಾಡುತ್ತದೆ.

ಸುಸ್ತಾದವರಿಗೆ ವಿಶ್ರಾಂತಿ ಹೇಳುವುದು ಮನೆಯವರಿಗೂ ವೈದ್ಯರಿಗೂ ಸಹಜವಾಗಿತ್ತು. ಅದು ತಪ್ಪೆಂದು ತೋರಿಸಿದ ಮುಖ್ಯ ಅಧ್ಯಯನ ಕೆನಡಾದ್ದು. ರೋಆನ್ ಸೀಗಲ್ ಮತ್ತು ಸಂಗಡಿಗರು ಹಾರ್ಮೋನ್ ಚಿಕಿತ್ಸೆಯಲ್ಲಿದ್ದ 155 ಪುರುಷರ ಮೇಲೆ ನಡೆಸಿದ ಆ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲದಂತೆ 12 ವಾರ ಭಾರ ಎತ್ತಿದವರಲ್ಲಿ ಸುಸ್ತು ಕಡಿಮೆಯಾಗಿ ಕಸುವು ಹೆಚ್ಚಿತ್ತು. ಆಸ್ಟ್ರೇಲಿಯಾದ ಪರ್ತ್‌ನ ಎಡಿತ್ ಕೋವನ್ ವಿಶ್ವವಿದ್ಯಾಲಯದ ಡೇನಿಯಲ್ ಗಾಲ್ವಾವೊ, ರಾಬರ್ಟ್ ನ್ಯೂಟನ್ ಮೊದಲಾದವರು 2010ರಲ್ಲಿ 57 ಜನರ ಅಧ್ಯಯನ ಪ್ರಕಟಿಸಿದರು. ಭಾರ ಎತ್ತುವುದರ ಜೊತೆಗೆ ಉಸಿರು ಏರಿಸುವ ವ್ಯಾಯಾಮವನ್ನೂ ಮಾಡಿದವರಲ್ಲಿ ಸ್ನಾಯುವೇ ಬೆಳೆದಿತ್ತು. ಟೆಸ್ಟೊಸ್ಟೆರಾನ್ ತೀರಾ ಕಡಿಮೆಯಾದ ಮೈಯಲ್ಲೂ ಸ್ನಾಯು ಬೆಳೆಯಬಲ್ಲದು ಎಂಬುದು ರೋಗಿಗಳಿಗೆ ತಿಳಿಯಲೇಬೇಕಾದ ಸಂಗತಿ. ಚಿಕಿತ್ಸೆಗಳ ಬಗ್ಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿಯು ಹಾರ್ಮೋನ್ ಚಿಕಿತ್ಸೆ ಆರಂಭಿಸುವವರಿಗೆ ವಾರಕ್ಕೆ ಕನಿಷ್ಠ ಎರಡು ಸಲ, 12 ವಾರ, ಮೇಲ್ವಿಚಾರಣೆಯಲ್ಲಿ ಇಂಥ ವ್ಯಾಯಾಮ ಕೊಡಿಸಬೇಕೆನ್ನುತ್ತದೆ.

ದಿನಾ ವಾಕಿಂಗ್ ಮಾಡಿದರೆ ಸಾಕೆಂದು ನಂಬಿದವರು ಬಹಳ. ನಡಿಗೆ ಹೃದಯಕ್ಕೆ ಒಳ್ಳೆಯದೇ, ಆದರೆ ಕರಗುವ ಸ್ನಾಯುವನ್ನು ಉಳಿಸಲು ಅದೊಂದೇ ಸಾಲದು. ಸ್ನಾಯು ಯಾವುದಾದರೂ ಭಾರದ ವಿರುದ್ಧ ದುಡಿಯಬೇಕು. ಜಿಮ್ ಇಲ್ಲದವರು ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ಗೋಡೆಗೆ ಕೈಕೊಟ್ಟು ದಂಡ ತೆಗೆಯುವುದು, ರಬ್ಬರ್ ಪಟ್ಟಿ ಎಳೆಯುವುದರಿಂದ ಶುರುಮಾಡಬಹುದು. 8ರಿಂದ 15 ಸಲ ಮಾಡುವಷ್ಟರಲ್ಲಿ ಸ್ನಾಯು ದಣಿಯಬೇಕು; ಸಲೀಸಾದಾಗ ಭಾರ ಹೆಚ್ಚಿಸಬೇಕು. ವ್ಯಾಯಾಮದಿಂದ ಮೂಳೆ ಉಳಿಯುತ್ತದೆಯೇ ಎಂಬ ವಿಷಯದಲ್ಲಿ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲ. ಹಾರ್ಮೋನ್ ಚಿಕಿತ್ಸೆಯಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವ ತೊಂದರೆಗೂ ವ್ಯಾಯಾಮ ಖಚಿತ ಪರಿಹಾರವಲ್ಲ.

ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಸಿಕೊಂಡವರ ಕಷ್ಟ ಬೇರೆ: ಕೆಮ್ಮಿದರೆ, ಎದ್ದರೆ ಮೂತ್ರ ಸೋರುತ್ತದೆ. ಇದಕ್ಕೆ ಹೇಳಿಕೊಡುವ ಕೆಗೆಲ್ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆಂಗಸರಿಗಾಗಿ ವಿವರಿಸಿದ್ದರು. ಗಾಳಿ ಬಿಡದಂತೆ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಕೆಲವು ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲಬಿಡಬೇಕು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಲಿತಿರುವುದು ಒಳ್ಳೆಯದು. ಆಮೇಲೆ ಮೂತ್ರ ಹೊರಹೋಗಲು ಹಾಕಿದ ನಳಿಕೆ (ಕ್ಯಾಥೆಟರ್) ಇರುವಷ್ಟು ದಿನ ಮಾಡಬಾರದು. ಬೆಲ್ಜಿಯಂನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದವರಲ್ಲಿ ಶೇ. 88 ಮಂದಿಗೆ ಮೂರು ತಿಂಗಳಲ್ಲಿ ಸೋರಿಕೆ ನಿಂತಿತ್ತು, ಪಡೆಯದವರಲ್ಲಿ ಶೇ. 56. ಆದರೆ 2011ರ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಒಬ್ಬೊಬ್ಬರಿಗೂ ಕೊಟ್ಟ ತರಬೇತಿಯಿಂದ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹೇಗಾದರೂ ತಿಂಗಳುಗಳು ಕಳೆದಂತೆ ಹೆಚ್ಚಿನವರಲ್ಲಿ ಸೋರಿಕೆ ತಗ್ಗುತ್ತದೆ.

ಕ್ಯಾನ್ಸರ್ ಮೂಳೆಗೆ ಹರಡಿದವರಿಗೂ ವ್ಯಾಯಾಮ ನಿಷಿದ್ಧವಲ್ಲ. ಸ್ಕ್ಯಾನ್ ನೋಡಿ, ರೋಗ ತಗುಲಿದ ಮೂಳೆಯ ಮೇಲೆ ಭಾರ ಬೀಳದ ಚಲನೆಗಳನ್ನು ವೈದ್ಯರು, ಫಿಸಿಯೋಥೆರಪಿಸ್ಟ್ ಆರಿಸಿಕೊಡಬೇಕು. ಹೊಸದಾಗಿ ಬೆನ್ನು ನೋವು ಶುರುವಾದರೆ, ಕಾಲು ಬಲ ಕಳೆದುಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿರಬಹುದು. ವ್ಯಾಯಾಮ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.